ಕೊಳ್ಳಿರೆಂದು ಬರೆಯುವ ಕಾಗದ



ಮೂವತ್ತಮೂರು ವರ್ಷಗಳ ಕಾಲ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ 2018ರಲ್ಲಿ ನಿವೃತ್ತನಾದವನು ನಾನು. ನಮ್ಮ ಪಠ್ಯಕ್ರಮದಲ್ಲಿ ಪತ್ರಲೇಖನವೆಂಬುದೊಂದು ಭಾಗವಿತ್ತು. ರಜೆ ಬೇಡುವ ಪತ್ರ, ಬೀದಿಯ ದೀಪ ಉರಿಯುತ್ತಿಲ್ಲವೆಂದು ಪುರಸಭೆಗೆ ಬರೆಯುವ ಪತ್ರ, ಪ್ರವಾಸವನ್ನು ವರ್ಣಿಸಿ ಮಿತ್ರನಿಗೆ ಬರೆಯುವ ಪತ್ರ—ಇವನ್ನು ಎಷ್ಟು ಸಾವಿರ ಉತ್ತರಪತ್ರಿಕೆಗಳಲ್ಲಿ ಓದಿದೆನೋ ಲೆಕ್ಕವಿಲ್ಲ. ಆದರೆ, ಒಂದು ವಸ್ತುವನ್ನು ಕೊಳ್ಳಿರೆಂದು ಅಪರಿಚಿತರಿಗೆ ಕಾಗದ ಬರೆಯಿರಿ ಎಂದು ಒಬ್ಬ ವಿದ್ಯಾರ್ಥಿಗೂ ನಾನು ಹೇಳಲಿಲ್ಲ. ಹೇಳಿದ್ದರೆ ಆ ಉತ್ತರವನ್ನು ತಿದ್ದುವ ಯೋಗ್ಯತೆ ನನಗಿತ್ತೆ ಎಂಬುದು ಬೇರೆಯ ಪ್ರಶ್ನೆ.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಎತ್ತಿನ ಗಾಣದ ಎಣ್ಣೆ ತೆಗೆದು ಮಾರುವ ಉದ್ಯೋಗ ಹಿಡಿದಿದ್ದಾನೆ. ಗಿರಾಕಿಗಳಿಗೆ ಕಳಿಸಲು ತಾನೇ ಬರೆದ ಕಾಗದವನ್ನು ನನ್ನ ಮುಂದಿಟ್ಟು, “ಸರ್, ಭಾಷೆ ಸ್ವಲ್ಪ ನೋಡಿ ಕೊಡಿ” ಎಂದ. ನಮ್ಮ ಭವ್ಯ ಪರಂಪರೆ, ಋಷಿಮುನಿಗಳ ಆಹಾರಪದ್ಧತಿ, ಮಣ್ಣಿನ ಸೊಗಡು ಇವೆಲ್ಲ ಅದರಲ್ಲಿದ್ದುವು. ಎಣ್ಣೆ ಕಡಲೆಕಾಯಿಯದೋ ಕುಸುಬೆಯದೋ, ಸೇರಿಗೆ ಎಷ್ಟು, ಮನೆಗೆ ತಲಪಿಸುವನೋ ನಾವೇ ಹೋಗಿ ತರಬೇಕೋ—ಇವಾವುವೂ ಇರಲಿಲ್ಲ. ನನಗೆ ನಗು ಬಂತು, ಅವನನ್ನು ಕಂಡಲ್ಲ. ಅದೇ ಕಾಗದವನ್ನು ನಾನು 1988ರಲ್ಲಿ ಬರೆದಿದ್ದೆ. ಆ ಕಥೆಯನ್ನು ಅವನಿಗೆ ಹೇಳಿದೆ. ಅದನ್ನೇ ಇಂದು ತಮಗೂ ಹೇಳಬೇಕೆಂದಿದ್ದೇನೆ.

ಆಗ ನಾನು ಅಂದಿನ ವಿಜಾಪುರ ಜಿಲ್ಲೆಯ ಒಂದು ಊರಿನ ಕಾಲೇಜಿನಲ್ಲಿ ಉಪನ್ಯಾಸಕನಾಗಿದ್ದೆ. ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದು ಮೂರು ವರ್ಷ ಕಳೆದಿತ್ತು; ತಲೆಯಲ್ಲಿ ಅಲಂಕಾರಶಾಸ್ತ್ರ ಇನ್ನೂ ಹಸಿಯಾಗಿತ್ತು. ಬಿ.ಎ. ಅಂತಿಮ ವರ್ಷದಲ್ಲಿ ಒಬ್ಬ ಹುಡುಗಿಯಿದ್ದಳು. ಗುಳೇದಗುಡ್ಡದ ನೇಕಾರರ ಮನೆಯವಳು. ಗುಳೇದಗುಡ್ಡದ ಖಣವನ್ನು ಉತ್ತರ ಕರ್ನಾಟಕದ ಶ್ರೋತೃಗಳಿಗೆ ಪರಿಚಯಿಸಬೇಕಾಗಿಲ್ಲ. ಹಳೆಯ ಮೈಸೂರಿನವರು ‘ರವಿಕೆ ಕಣ’ ಎನ್ನುವರಲ್ಲ, ಅದೇ. ಸೂಜಿಮಲ್ಲಿಗೆ, ಆನೆಹೆಜ್ಜೆ ಎಂಬ ಹೆಸರುಗಳ ಸಣ್ಣ ಸಣ್ಣ ವಿನ್ಯಾಸಗಳು ಹಾಸಿನಲ್ಲಿಯೇ ಮೂಡಿ ಬರುವಂತೆ ಮಗ್ಗದಲ್ಲಿ ನೇಯ್ದ ಕುಪ್ಪಸದ ಬಟ್ಟೆ. ಇಳಕಲ್ಲ ಸೀರೆಗೆ ಜೊತೆಯೆಂದರೆ ಅದೇ. ಉಡಿ ತುಂಬುವಾಗ ತೆಂಗಿನಕಾಯಿ, ಅಕ್ಕಿ, ಎಲೆ ಅಡಿಕೆಗಳೊಡನೆ ಖಣವಿಲ್ಲದಿದ್ದರೆ ಆ ಉಡಿ ಉಡಿಯೇ ಅಲ್ಲ. ಕೃಷ್ಣೆಯ ಆಚೆ ಮಹಾರಾಷ್ಟ್ರದ ಹೆಂಗಸರೂ ಅದನ್ನು ಮೆಚ್ಚಿ ತೊಟ್ಟವರು.

ಆ ವರ್ಷ ಆ ಹುಡುಗಿಯ ತಂದೆ ನೇಯ್ದ ಮಾಲನ್ನು ಎಂದಿನಂತೆ ಕೊಳ್ಳಬೇಕಾಗಿದ್ದ ವ್ಯಾಪಾರಿ ಕೊಳ್ಳಲಿಲ್ಲ. ಹುಡುಗಿಯರು ಮಿಲ್ಲಿನ ಬಟ್ಟೆಗೆ ತಿರುಗಿದ್ದಾರೆ, ಖಣ ಕೇಳುವವರಿಲ್ಲ ಎಂಬುದು ಅವನ ಮಾತು. ಮನೆಯ ಪೆಟ್ಟಿಗೆಯಲ್ಲಿ ಮುನ್ನೂರಕ್ಕೂ ಮಿಕ್ಕಿ ಖಣಗಳು. ನೂಲಿನ ಅಂಗಡಿಯಲ್ಲಿ ಸಾಲ. ಹುಡುಗಿ ಕಾಲೇಜು ಬಿಡುವ ಮಾತಾಡಿದಳು. ಪರೀಕ್ಷೆಯ ಶುಲ್ಕವನ್ನು ನಾನೇ ಕಟ್ಟುತ್ತೇನೆಂದೆ. ಅವಳ ತಂದೆ ಒಪ್ಪಲಿಲ್ಲ. “ಮಾಲ ಮಾರಿಸಿ ಕೊಡ್ರಿ, ರೊಕ್ಕ ಬ್ಯಾಡ” ಎಂದರು. ಹಾಗಾದರೆ ಅಂಚೆಯ ಮೂಲಕ ಮಾರೋಣ, ಕಾಗದ ಬರೆಯುವ ಕೆಲಸ ನನ್ನದು ಎಂದು ಮಾತು ಕೊಟ್ಟೆ. ಕನ್ನಡದ ಎಂ.ಎ. ಪದವೀಧರನಿಗೆ ಒಂದು ಕಾಗದ ಬರೆಯುವುದು ಎಷ್ಟರ ಕೆಲಸ!

ಮೂರು ರಾತ್ರಿ ಕುಳಿತು ಬರೆದೆ. ಬಾದಾಮಿಯ ಚಾಲುಕ್ಯರಿಂದ ಪತ್ರ ಮೊದಲಾಗುತ್ತಿತ್ತು. ಗುಹಾಲಯಗಳ ಶಿಲ್ಪ, ಮಲಪ್ರಭೆಯ ತೀರ, ಲಾಳಿಯ ನಾದದಲ್ಲಿ ಕೇಳಿಬರುವ ಕನ್ನಡದ ನಾಡಿಮಿಡಿತ ಇವನ್ನೆಲ್ಲ ದಾಟಿ, ಎರಡನೆಯ ಪುಟದ ನಡುವೆ, ‘ಇಂತಹ ಭವ್ಯ ಪರಂಪರೆಯ ಕುಡಿಯಾದ ಖಣವನ್ನು ತಾವು ಸ್ವೀಕರಿಸಿ ಪ್ರೋತ್ಸಾಹಿಸಬೇಕು’ ಎಂಬ ವಾಕ್ಯ ಬರುತ್ತಿತ್ತು. ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಇನ್ನೂರು ಪ್ರತಿ ತೆಗೆಸಿದೆ. ಟೆಲಿಫೋನ್ ಡೈರೆಕ್ಟರಿಯಿಂದಲೂ ಮಹಿಳಾ ಮಂಡಲಗಳ ಒಂದು ಪಟ್ಟಿಯಿಂದಲೂ ವಿಳಾಸಗಳನ್ನು ಆರಿಸಿ ದೀಪಾವಳಿಗೆ ಮುಂಚೆ ಅಂಚೆಗೆ ಹಾಕಿಸಿದೆ.

ಬಂದ ಉತ್ತರಗಳು ಮೂರು. ಒಂದರಲ್ಲಿ ಮೈಸೂರು ಕಡೆಯ ಮಹನೀಯರೊಬ್ಬರು, ಖಣ ಎಂದರೇನೆಂದು ಪತ್ರದಿಂದ ಸ್ಪಷ್ಟವಾಗುವುದಿಲ್ಲ, ಅದು ಕಲ್ಲಿನಲ್ಲಿ ಮಾಡಿದ್ದೋ ಬಟ್ಟೆಯದೋ ಎಂದು ಕೇಳಿದ್ದರು. ಇನ್ನೊಂದರಲ್ಲಿ ನಿವೃತ್ತ ಪಂಡಿತರೊಬ್ಬರು ನನ್ನ ಶೈಲಿಯನ್ನು ಹೊಗಳಿ, ಒಂದು ಸಂಧಿದೋಷವನ್ನು ತೋರಿಸಿಕೊಟ್ಟಿದ್ದರು. ಮೂರನೆಯವರು ಮಾತ್ರ ಬೆಲೆ ಎಷ್ಟೆಂದು ವಿಚಾರಿಸಿದ್ದರು. ಬೆಲೆ ಬರೆಯುವುದನ್ನೇ ನಾನು ಮರೆತಿದ್ದೆ. ಮರೆತಿದ್ದೆ ಎನ್ನುವುದೂ ಪೂರ್ಣ ಸತ್ಯವಲ್ಲ; ಚಾಲುಕ್ಯರ ಪಕ್ಕದಲ್ಲಿ ಹದಿನೆಂಟು ರೂಪಾಯಿ ಎಂದು ಬರೆಯಲು ನಾಚಿಕೆಯಾಗಿತ್ತು.

ಹುಡುಗಿಯ ತಾಯಿಗೆ ಓದು ಬರುತ್ತಿರಲಿಲ್ಲ. ಮಗಳು ಆ ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿದ್ದಳಂತೆ. ನಾನು ಅವರ ಮನೆಗೆ ಹೋದಾಗ ಆಕೆ ಚಹದ ಕಪ್ಪನ್ನು ಮುಂದಿಟ್ಟು, ಬಹಳ ಗೌರವದಿಂದಲೇ ಕೇಳಿದರು: “ಮಾಸ್ತರ್ರ, ಭಾಳ ಚಂದ ಬರದೀರಿ. ಆದ್ರ ಇದರಾಗ ನಮ್ಮ ಖಣ ಎಲ್ಲೈತ್ರಿ?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. “ಬನಶಂಕರಿ ಜಾತ್ರಿಗಿ ಬರ್ರಿ. ನಾ ಅಂಗಡಿ ಹಾಕ್ತೇನಿ, ನೋಡಾಕ ಬರ್ರಿ” ಎಂದರು ಆಕೆ.

1989ರ ಜನವರಿ. ಬಾದಾಮಿಯ ಸಮೀಪದ ಬನಶಂಕರಿಯಲ್ಲಿ ಬನದ ಹುಣ್ಣಿಮೆಯ ಜಾತ್ರೆ ಎಂದರೆ ನಾಟಕದ ಕಂಪನಿಗಳು, ಮರದ ಬಾಗಿಲುಗಳ ಮಾರಾಟ, ಬಳೆಗಾರರು, ಧೂಳು. ಅದರ ನಡುವೆ ಒಂದು ಚಾಪೆ, ಚಾಪೆಯ ಮೇಲೆ ಖಣಗಳ ಸಾಲು, ಹಿಂದೆ ಆಕೆ. ಮಗ್ಗುಲಲ್ಲಿ ಒಂದು ಡಬ್ಬಿಯ ಮೇಲೆ ನಾನು. ಮೂರು ಗಂಟೆ ಕುಳಿತೆ. ನಾನು ಓದಿದ ಯಾವ ಗುರುವೂ ಮೂರು ಗಂಟೆಯಲ್ಲಿ ಅಷ್ಟನ್ನು ಕಲಿಸಿದ್ದಿಲ್ಲ.

ಒಬ್ಬ ಹೆಂಗಸು ಬಂದು ನಿಂತಳು. ನಮ್ಮ ತಾಯಿ ಖಣದ ವಿಷಯವನ್ನೇ ಎತ್ತಲಿಲ್ಲ. “ಯಾರಿಗವ್ವಾ? ನಿನಗೋ, ಮಗಳಿಗೋ?” ಎಂದರು. ಸೊಸೆಗೆ, ಕುಬಸದ ಕಾರ್ಯ ಇದೆ ಎಂದಳು ಬಂದವಳು. ಕುಬಸವೆಂದರೆ ಬಸುರಿಗೆ ಮಾಡುವ ಶುಭಕಾರ್ಯ, ಹಸಿರೇ ಆಗಬೇಕು. ಆಕೆ ಸಾಲಿನಲ್ಲಿದ್ದ ಕೆಂಪು, ಊದಾ, ಕಪ್ಪು ಎಲ್ಲವನ್ನೂ ಪಕ್ಕಕ್ಕೆ ಸರಿಸಿ ಮೂರು ಹಸಿರು ಖಣಗಳನ್ನು ಮಾತ್ರ ಮುಂದಿಟ್ಟರು. ಗಿರಾಕಿಯ ಕೈ ರೇಷ್ಮೆ ಬೆರೆತ ಹೆಚ್ಚು ಬೆಲೆಯದರ ಕಡೆಗೆ ಹೋಯಿತು. “ಅದು ತುಟ್ಟಿ ಐತಿ. ಬಸುರಿ ಹೆಣಮಗಳು, ಬೆವರು ಭಾಳ. ಹತ್ತೀದ ತಗೊಂಡ್ರ ದಿನಾ ತೊಡತಾಳ” ಎಂದರು. ನಾನು ಬೆರಗಾದೆ: ಹೆಚ್ಚು ಬೆಲೆಯ ಮಾಲನ್ನು ತಾನೇ ಬೇಡವೆನ್ನುತ್ತಾಳಲ್ಲ! ಅನಂತರ ಖಣವನ್ನು ಬಿಚ್ಚಿ ಆ ಹೆಂಗಸಿನ ಮುಂಗೈ ಮೇಲೆಯೇ ಹರವಿದರು. ಕೊನೆಗೆ, ಯಾರೂ ಕೇಳದೆ ತಾವಾಗಿಯೇ ಹೇಳಿದರು: “ಮೊದಲ ಸಲ ಒಗದಾಗ ಒಂಚೂರು ಬಣ್ಣ ಬಿಡತೈತಿ. ಉಪ್ಪುನೀರಾಗ ನೆನಿಸಿ ಬ್ಯಾರೆ ಒಗಿ. ಆಮ್ಯಾಲೆ ಬಿಡಂಗಿಲ್ಲ.” ಆ ಮಾತು ಕೇಳಿದ ಮೇಲೆ ಆ ಹೆಂಗಸು ಚೌಕಾಸಿಯನ್ನೇ ಮಾಡಲಿಲ್ಲ. ಒಂದು ಕೊಳ್ಳಲು ಬಂದವಳು ಎರಡು ಕೊಂಡಳು.

ಅಂದು ರಾತ್ರಿ ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ಕಾಶ್ಮೀರದ ಮಮ್ಮಟನ ನೆನಪಾಯಿತು. ಹನ್ನೊಂದನೆಯ ಶತಮಾನದ ಈ ಆಲಂಕಾರಿಕ, ಉಪದೇಶಗಳಲ್ಲಿ ಮೂರು ಬಗೆಯುಂಟೆಂಬ ವಿಚಾರವನ್ನು ‘ಕಾವ್ಯಪ್ರಕಾಶ’ದಲ್ಲಿ ಎತ್ತಿಕೊಂಡಿದ್ದಾನೆ. ವೇದವು ಪ್ರಭುವಿನಂತೆ ಆಜ್ಞಾಪಿಸುತ್ತದೆ. ಪುರಾಣೇತಿಹಾಸಗಳು ಮಿತ್ರನಂತೆ ತಿಳಿಯಹೇಳುತ್ತವೆ. ಕಾವ್ಯವು ಕಾಂತೆಯಂತೆ ಸರಸವಾಗಿ ಒಲಿಸಿಕೊಂಡು ಹೇಳುತ್ತದೆ. ನಾವು ಕನ್ನಡ ಅಧ್ಯಾಪಕರು ಇದನ್ನು ಪ್ರತಿವರ್ಷ ಪಾಠ ಹೇಳಿ, ಕಾಂತಾಸಂಮಿತವೇ ಶ್ರೇಷ್ಠವೆಂದು ಟಿಪ್ಪಣಿ ಬರೆಸುತ್ತೇವೆ. ಕಾವ್ಯಕ್ಕೆ ಅದು ಸರಿ. ಆದರೆ ಬಿಕರಿಯ ಕಾಗದಕ್ಕೆ? ಗುರುತಿಲ್ಲದವನೊಬ್ಬ ಕಾಂತೆಯ ಧಾಟಿಯಲ್ಲಿ ಮನೆಬಾಗಿಲಿಗೆ ಬಂದರೆ ಯಾವ ಗೃಹಿಣಿ ಬಾಗಿಲು ತೆರೆದಾಳು? ಜಾಹೀರಾತುಗಳಲ್ಲಿ ಬಹುಪಾಲು, ‘ಇಂದೇ ಕೊಳ್ಳಿರಿ’ ಎಂಬ ಪ್ರಭುವಿನ ಧಾಟಿ. ಉಳಿದವು ನನ್ನ ಚಾಲುಕ್ಯಪುರಾಣದಂಥ ಶೃಂಗಾರ. ಚಾಪೆಯ ಮೇಲೆ ಕುಳಿತ ಆ ತಾಯಿಯ ಮಾತಾದರೋ ಶುದ್ಧ ಸುಹೃತ್ಸಂಮಿತ. ಮಿತ್ರನು ಮೊದಲು ನಿನಗೇನು ಬೇಕೆಂದು ಕೇಳುತ್ತಾನೆ. ನಿನಗೆ ಒಗ್ಗದುದನ್ನು ಬೇಡವೆನ್ನುತ್ತಾನೆ. ಬಣ್ಣ ಬಿಡುವುದಾದರೆ ಬಿಡುತ್ತದೆ ಎನ್ನುತ್ತಾನೆ.

ಎರಡನೆಯ ಪತ್ರವನ್ನು ಬರೆಯಲು ಮೂರು ವಾರ ಹಿಡಿಯಿತು. ಮೊದಲನೆಯದಕ್ಕಿಂತ ಅದು ತೀರ ಚಿಕ್ಕದು, ಒಂದೇ ಪುಟ. ಅದರ ಪ್ರತಿ ಈಗಲೂ ನನ್ನಲ್ಲಿದೆ. ಹುಡುಗಿಯ ಹೆಸರಿನಿಂದಲೇ ಬರೆದದ್ದು, ಸಹಿಯೂ ಅವಳದೇ. ಓದುತ್ತೇನೆ:

“ಪೂಜ್ಯ ಅಕ್ಕನವರಿಗೆ ನಮಸ್ಕಾರಗಳು. ಈ ಯುಗಾದಿಯೊಳಗೆ ತಮ್ಮ ಮನೆಯಲ್ಲಿ ಯಾರಿಗಾದರೂ ಉಡಿ ತುಂಬುವುದಿದೆಯೆ? ಇಲ್ಲದಿದ್ದರೆ ದಯಮಾಡಿ ಈ ಕಾಗದವನ್ನು ನೆರೆಮನೆಯವರಿಗೆ ಕೊಡಿರಿ. ಮೂಲೆಗೆ ಹೊಲಿದಿರುವ ತುಂಡನ್ನು ಮುಟ್ಟಿ ನೋಡಿರಿ. ಅದು ನಮ್ಮ ತಂದೆಯವರು ನೇಯ್ದ ಗುಳೇದಗುಡ್ಡದ ಖಣ, ಎಂದರೆ ಕುಪ್ಪಸದ ಬಟ್ಟೆ. ಹಸಿರು, ಕೆಂಪು, ಊದಾ, ನವಿಲು ಬಣ್ಣಗಳಲ್ಲಿ ಇವೆ. ಮೊದಲ ಸಲ ಒಗೆಯುವಾಗ ಸ್ವಲ್ಪ ಬಣ್ಣ ಬಿಡುತ್ತದೆ. ಉಪ್ಪುನೀರಿನಲ್ಲಿ ನೆನೆಸಿ ಬೇರೆಯಾಗಿ ಒಗೆದರೆ ಅನಂತರ ಬಿಡುವುದಿಲ್ಲ. ಒಂದಕ್ಕೆ ಹದಿನೆಂಟು ರೂಪಾಯಿ. ಅಂಚೆಯ ವೆಚ್ಚ ನಮ್ಮದು. ಬಣ್ಣ ಮತ್ತು ಸಂಖ್ಯೆಯನ್ನು ಕಾರ್ಡಿನಲ್ಲಿ ಬರೆದರೆ ವಿ.ಪಿ. ಮೂಲಕ ಕಳಿಸುತ್ತೇವೆ. ಮನಸ್ಸಿಗೆ ಬಾರದಿದ್ದರೆ ಹಿಂದಿರುಗಿಸಿರಿ, ಹಣ ಕಳಿಸುತ್ತೇವೆ. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ; ಲೆಕ್ಕಪತ್ರ ನಾನೇ ನೋಡುತ್ತೇನೆ.”

ಇಷ್ಟೇ. ಕೆಳಗೆ ‘ತಾ.ಕ.’ ಎಂದು ಒಂದು ಸಾಲು: ಕುಬಸದ ಕಾರ್ಯಕ್ಕಾದರೆ ಹಾಗೆಂದು ತಿಳಿಸಿರಿ, ತಾಯಿಯವರು ಹಸಿರನ್ನು ತಾವೇ ಆರಿಸಿ ಕಳಿಸುತ್ತಾರೆ. ಜನರು ಕಾಗದವನ್ನು ಬಿಚ್ಚಿದೊಡನೆ ಒಕ್ಕಣೆಯನ್ನು ಬಿಟ್ಟು ತಾಜಾ ಕಲಮಿಗೇ ಕಣ್ಣು ಹಾಯಿಸುತ್ತಾರೆಂಬುದು ಈ ವೃತ್ತಿಯವರ ಅನುಭವ. ನಾನು ಅದನ್ನು ಓದಿ ತಿಳಿದವನಲ್ಲ. ನನ್ನ ಹೆಂಡತಿ ತವರಿನ ಕಾಗದಗಳನ್ನು ಓದುವ ಕ್ರಮವನ್ನು ನೋಡಿ ಕಲಿತವನು.

ವಿ.ಪಿ. ಎಂಬುದನ್ನು ಕಿರಿಯರಿಗೆ ವಿವರಿಸಬೇಕಾದೀತು. ಪದಾರ್ಥವನ್ನು ಅಂಚೆಯವನು ಮನೆಗೆ ತಂದಾಗ ಹಣ ಕೊಟ್ಟು ಬಿಡಿಸಿಕೊಳ್ಳುವ ಪದ್ಧತಿ. ನಮ್ಮ ದೇಶದಲ್ಲಿ 1877ರಲ್ಲಿ ಬಂದದ್ದು. ಕಾಣದ ಮಾಲಿಗೆ ಮುಂಗಡ ಹಣ ಕೊಡಲು ಅಂಜುವ ಕೊಳ್ಳುವವನಿಗೂ, ಕಾಣದ ಗಿರಾಕಿಯನ್ನು ನಂಬಲು ಅಂಜುವ ಮಾರುವವನಿಗೂ ನಡುವೆ ಸರಕಾರದ ಅಂಚೆಯಣ್ಣ ಜಾಮೀನು ನಿಂತ. ಪುಸ್ತಕಗಳೂ ಔಷಧಿಗಳೂ ಗಡಿಯಾರಗಳೂ ದೂರದ ಹಳ್ಳಿಗಳಿಗೆ ಹೋದದ್ದು ಅವನ ಚೀಲದಲ್ಲಿ. ಅಮೆರಿಕದಲ್ಲಿ ಇದೇ ಅಂಜಿಕೆಯನ್ನು ಕಳೆದವನು ಶಿಕಾಗೋದ ಆರನ್ ಮಾಂಟ್ಗೊಮರಿ ವಾರ್ಡ್. 1872ರಲ್ಲಿ ಒಂದೇ ಹಾಳೆಯ ಬೆಲೆಪಟ್ಟಿಯಿಂದ ರೈತರಿಗೆ ಅಂಚೆಯ ಮೂಲಕ ಮಾರಲಾರಂಭಿಸಿ, ಮೆಚ್ಚದಿದ್ದರೆ ಹಣ ವಾಪಸು ಎಂಬ ಮಾತಿನ ಬಲದಿಂದಲೇ ಆತ ಬೆಳೆದ. ನಮ್ಮ ಗಳಗನಾಥರಾದರೋ ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ, ಮನೆಮನೆಯ ಬಾಗಿಲಲ್ಲಿ ನಿಂತು ಮಾರಿದವರು. ಕನ್ನಡ ಓದುಗವರ್ಗದ ಒಂದು ಪಾಲು ಹುಟ್ಟಿದ್ದು ಆ ಹೆಗಲ ಮೇಲೆ. ಅವರಿಗೆ ಕಾಗದದ ಅವಶ್ಯಕತೆ ಬೀಳಲಿಲ್ಲ. ಓದುವವನ ಮುಖವೇ ಎದುರಿಗಿತ್ತು. ಮುಖ ಕಾಣದಾಗಲೇ ಕಾಗದದ ಕಷ್ಟ ಪ್ರಾರಂಭ.

ಆದ್ದರಿಂದ ಈ ಸಲ ಡೈರೆಕ್ಟರಿಯನ್ನು ಮುಟ್ಟಲಿಲ್ಲ. ನನ್ನ ಸಹಪಾಠಿಗಳ ಮನೆಯವರು, ಅವರ ಅಕ್ಕತಂಗಿಯರು, ಪರಿಚಿತ ಶಿಕ್ಷಕಿಯರು, ಹೀಗೆ ಮುಖ ಗೊತ್ತಿದ್ದ ನೂರ ನಲವತ್ತು ಜನರ ಪಟ್ಟಿ ಮಾಡಿ, ಹುಡುಗಿ ಒಬ್ಬೊಬ್ಬರ ಹೆಸರನ್ನೂ ಕೈಯಿಂದ ಬರೆದಳು. ಒಳ್ಳೆಯ ಕಾಗದ ತಪ್ಪು ವಿಳಾಸಕ್ಕೆ ಹೋಗುವುದಕ್ಕಿಂತ ಸಾಧಾರಣ ಕಾಗದ ಸರಿಯಾದ ವಿಳಾಸಕ್ಕೆ ಹೋಗುವುದು ಮೇಲು. ಇದನ್ನು ಹೊಸಬರು ನಂಬುವುದಿಲ್ಲ, ನಾನೂ ನಂಬಿರಲಿಲ್ಲ.

ಇನ್ನೊಂದು ಪ್ರಯೋಗವನ್ನೂ ಮಾಡಿದೆವು. ಮೊದಲ ವಾಕ್ಯದ ಬಗ್ಗೆ ನನಗೂ ಹುಡುಗಿಗೂ ಒಮ್ಮತವಿರಲಿಲ್ಲ. ಉಡಿಯ ಪ್ರಶ್ನೆಯಿಂದ ಆರಂಭಿಸಬೇಕೆಂಬುದು ಅವಳ ಪಕ್ಷ; ಲಾಳಿಯ ಸದ್ದಿನ ಒಂದು ಸಣ್ಣ ವರ್ಣನೆಯಾದರೂ ಇರಲೆಂಬುದು ನನ್ನ ಹಠ. ಅರ್ಧ ಕಾಗದಗಳನ್ನು ಹಾಗೆ, ಅರ್ಧವನ್ನು ಹೀಗೆ ಕಳಿಸಿ, ಉತ್ತರಿಸಬೇಕಾದ ವಿಳಾಸದ ಪಕ್ಕದಲ್ಲಿ ‘ಅ’ ಎಂದೂ ‘ಬ’ ಎಂದೂ ಗುರುತು ಹಾಕಿದೆವು. ಅಮೆರಿಕದ ಕ್ಲಾಡ್ ಹಾಪ್ಕಿನ್ಸ್ ಎಂಬಾತ ಜಾಹೀರಾತುಗಳ ಕೂಪನ್ನುಗಳಿಗೆ ಹೀಗೆಯೇ ಗುರುತು ಹಾಕಿ, ಯಾವುದು ಮಾರುತ್ತದೆಂಬುದನ್ನು ಎಣಿಸಿ ತಿಳಿಯುವ ವಿಧಾನವನ್ನು 1923ರಷ್ಟು ಹಿಂದೆಯೇ ಒಂದು ಪುಸ್ತಕದಲ್ಲಿ ವಿವರಿಸಿದ್ದನೆಂಬುದು ನನಗೆ ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ನಮ್ಮ ಎಣಿಕೆಯ ಫಲ ಹೀಗಿತ್ತು: ಬಂದ ಇಪ್ಪತ್ತಮೂರು ಬೇಡಿಕೆಗಳಲ್ಲಿ ಹದಿನೇಳು ಉಡಿಯವು, ಆರು ಲಾಳಿಯವು. ಸಾಹಿತ್ಯವಿಮರ್ಶೆಯಲ್ಲಿ ಇಷ್ಟು ನಿಷ್ಕರುಣವಾದ ತೀರ್ಪು ನನಗೆ ಎಂದೂ ಸಿಕ್ಕಿರಲಿಲ್ಲ.

ಎಪ್ಪತ್ತಕ್ಕೂ ಹೆಚ್ಚು ಖಣಗಳು ಹೋದುವು. ಪರೀಕ್ಷೆಯ ಶುಲ್ಕ ಕಟ್ಟಿದ್ದಾಯಿತು. ನೂಲಿನ ಸಾಲ ಕರಗಿತು, ತೀರಲಿಲ್ಲ. ಕಥೆಯನ್ನು ಇಲ್ಲಿಗೇ ನಿಲ್ಲಿಸಿದ್ದರೆ ನನ್ನ ಗೌರವ ಉಳಿಯುತ್ತಿತ್ತು. ಆದರೆ ಹೇಳಬೇಕಾದದ್ದು ಮುಂದಿದೆ.

ಗೆಲುವಿನ ರುಚಿ ಹತ್ತಿತು ನೋಡಿ. ಪೆಟ್ಟಿಗೆಯಲ್ಲಿ ಇನ್ನೂ ಇನ್ನೂರರ ಮೇಲೆ ಉಳಿದಿದ್ದುವು. ಶ್ರಾವಣ ಬರುತ್ತಿತ್ತು, ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವ ಕಾಲ. ಮೂರನೆಯ ಪತ್ರವನ್ನು ನಾನು ಒಂದೇ ಸಂಜೆಯಲ್ಲಿ ಬರೆದೆ. ಎಲ್ಲ ಹಿಂದಿನಂತೆಯೇ, ಕೊನೆಯಲ್ಲಿ ಮಾತ್ರ, ‘ಇನ್ನು ಇಪ್ಪತ್ತು ಖಣಗಳು ಮಾತ್ರ ಉಳಿದಿವೆ, ಹದಿನೈದು ದಿನಗಳೊಳಗೆ ಬರೆಯದವರಿಗೆ ಸಿಗಲಾರವು’ ಎಂಬ ವಾಕ್ಯವನ್ನು ಸೇರಿಸಿದೆ. ಹುಡುಗಿ ಓದಿ ತಲೆಯೆತ್ತಿದಳು. “ಸರ, ಪೆಟಿಗಿ ತುಂಬ ಅದಾವಲ್ರೀ?” ಎಂದಳು. “ಅದು ಅತಿಶಯೋಕ್ತಿ. ಅಲಂಕಾರ. ನಿನಗೆ ಪಾಠವಾಗಿದೆಯಲ್ಲ” ಎಂದು ನಾನು ನಕ್ಕೆ. ಗುರುವಿನ ಮಾತು, ಅವಳು ಸಹಿ ಮಾಡಿದಳು.

ಆ ಕಾಗದ ಎರಡನೆಯದಕ್ಕಿಂತ ಚೆನ್ನಾಗಿ ಮಾರಿತು. ಅದನ್ನು ಮುಚ್ಚಿಡಬಾರದು. ಸುಳ್ಳು ಮಾರುವುದಿಲ್ಲವೆಂದು ಹೇಳುವವರು ಒಂದೂ ಸುಳ್ಳು ಕಾಗದ ಬರೆದು ನೋಡಿದವರಲ್ಲ. ನಲವತ್ತರಷ್ಟು ಬೇಡಿಕೆಗಳು ಬಂದುವು. ಉತ್ಸಾಹದಿಂದ ಅದೇ ಕಾಗದವನ್ನು, ಅದೇ ಇಪ್ಪತ್ತು ಖಣಗಳ ವಾಕ್ಯದೊಡನೆ, ಮುಂದಿನ ತಿಂಗಳು ಬೇರೆ ಊರುಗಳಿಗೆ ಕಳಿಸಿದೆ.

ಆಗ ಬಂತು ಆ ಕಾರ್ಡು. ಹದಿನೈದು ಪೈಸೆಯ ಕಾರ್ಡಿನಲ್ಲಿ ದುಂಡನೆಯ ಅಕ್ಷರ. ಬರೆದವರು ಒಬ್ಬ ನಿವೃತ್ತ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅವರು ಮೊದಲ ತಿಂಗಳಲ್ಲಿಯೇ, ಮುಗಿದುಹೋದೀತೆಂಬ ಅವಸರದಿಂದ, ಪಿಂಚಣಿಯ ಹಣದಲ್ಲಿ ನಾಲ್ಕು ಖಣ ತರಿಸಿಕೊಂಡಿದ್ದರು. ಬೇರೆ ಊರಿನಲ್ಲಿದ್ದ ಅವರ ತಂಗಿಗೆ ಎರಡನೆಯ ತಿಂಗಳಿನ ಕಾಗದ ಹೋಗಿತ್ತು. ಒಕ್ಕಣೆ ಹೀಗಿತ್ತು: “ಚಿ. ಸೌ. ಕುಮಾರಿಗೆ ಆಶೀರ್ವಾದಗಳು. ಖಣ ಚೆನ್ನಾಗಿವೆ. ನಾನು ಮಕ್ಕಳಿಗೆ ಲೆಕ್ಕ ಕಲಿಸಿದವಳು. ಇಪ್ಪತ್ತರಲ್ಲಿ ನಾಲ್ಕನ್ನು ನಾನು ತೆಗೆದುಕೊಂಡ ಮೇಲೆ, ಒಂದು ತಿಂಗಳ ತರುವಾಯವೂ ಇಪ್ಪತ್ತು ಹೇಗೆ ಉಳಿಯುತ್ತವೆ ಎಂಬುದು ತಿಳಿಯಲಿಲ್ಲ. ಲೆಕ್ಕಪತ್ರ ನೀನೇ ನೋಡುವುದಾಗಿ ಬರೆದಿದ್ದೆ. ತಿಳಿಸು.”

ಆ ಕಾರ್ಡು ನನಗೆ ಬಂದದ್ದಲ್ಲ. ಹುಡುಗಿಯ ಹೆಸರಿಗೆ ಬಂದದ್ದು. ಅವಳು ಅದನ್ನು ತಂದು ನನ್ನ ಮೇಜಿನ ಮೇಲಿಟ್ಟು, ಏನೂ ಹೇಳದೆ ನಿಂತಳು. ಅಲಂಕಾರ ನನ್ನದು, ಹೆಸರು ಅವಳದು. ಆ ನಿಲುವನ್ನು ನಾನು ಇಂದಿಗೂ ಮರೆತಿಲ್ಲ.

ಆಮೇಲಿನ ವರ್ಷಗಳಲ್ಲಿ ಈ ವಿದ್ಯೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಮಾರ್ಟಿನ್ ಕಾನ್ರಾಯ್ ಎಂಬಾತ ಅಮೆರಿಕದ ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆಯ ಚಂದಾ ಬೇಡಿ ಬರೆದ ಕಾಗದವೊಂದು ಪ್ರಸಿದ್ಧವಾದುದು. ಸುಮಾರು 1975ರಿಂದ 2003ರವರೆಗೆ ಹೆಚ್ಚು ಬದಲಾವಣೆಯಿಲ್ಲದೆ ಅಂಚೆಯಲ್ಲಿ ಹೋಗುತ್ತಿತ್ತು. ಒಂದೇ ಕಾಲೇಜಿನಿಂದ ಒಟ್ಟಿಗೆ ಹೊರಬಿದ್ದ ಇಬ್ಬರು ತರುಣರು, ಎಲ್ಲ ವಿಧದಲ್ಲೂ ಸಮಾನರು. ಇಪ್ಪತ್ತೈದು ವರ್ಷಗಳ ಮೇಲೆ ನೋಡಿದರೆ ಒಬ್ಬ ಒಂದು ಸಣ್ಣ ವಿಭಾಗದ ವ್ಯವಸ್ಥಾಪಕ, ಇನ್ನೊಬ್ಬ ಅದೇ ಸಂಸ್ಥೆಯ ಅಧ್ಯಕ್ಷ. ವ್ಯತ್ಯಾಸ ತಿಳಿವಳಿಕೆಯಲ್ಲಿ ಮತ್ತು ಅದರ ಬಳಕೆಯಲ್ಲಿ ಎನ್ನುತ್ತದೆ ಕಾಗದ. ಅಧ್ಯಕ್ಷನಾದವನು ಈ ಪತ್ರಿಕೆ ಓದುತ್ತಿದ್ದನೆಂದು ಬಾಯಿಬಿಟ್ಟು ಹೇಳುವುದಿಲ್ಲ. ಅದು ಓದುಗನ ಮನಸ್ಸಿನಲ್ಲಿ ತಾನಾಗಿ ಹೊಳೆಯುತ್ತದೆ. ಇದು ಆನಂದವರ್ಧನನ ಧ್ವನಿಯಲ್ಲದೆ ಮತ್ತೇನು! ಕಲೆಯ ದೃಷ್ಟಿಯಿಂದ ನಾನು ತಲೆದೂಗುತ್ತೇನೆ. ಆದರೆ ವಾಚ್ಯದಲ್ಲಿ ಸುಳ್ಳಿಲ್ಲದಿದ್ದರೂ ವ್ಯಂಗ್ಯಾರ್ಥದಲ್ಲಿ ಇರಬಹುದೆ, ಇದ್ದರೆ ಅದಕ್ಕೆ ಯಾರು ಹೊಣೆ ಎಂಬ ಪ್ರಶ್ನೆಯನ್ನು ನಮ್ಮ ಆಲಂಕಾರಿಕರು ಎತ್ತಲಿಲ್ಲ. ಅವರ ಕಾವ್ಯ ವಿ.ಪಿ.ಯಲ್ಲಿ ಹೋಗುತ್ತಿರಲಿಲ್ಲ.

ನನ್ನ ಇಪ್ಪತ್ತು ಖಣಗಳ ಸುಳ್ಳಾದರೋ ವಾಚ್ಯವೇ. ಇಂದು ಮೊಬೈಲಿನಲ್ಲಿ ಏನಾದರೂ ಕೊಳ್ಳಹೊರಟರೆ, ಎರಡೇ ಉಳಿದಿವೆ, ಇನ್ನು ಹತ್ತೇ ನಿಮಿಷ ಎಂದು ಗಡಿಯಾರ ಓಡುವುದನ್ನು ತಾವು ನೋಡಿರುತ್ತೀರಿ. ಅದರಲ್ಲಿ ನಿಜವೂ ಇದ್ದೀತು. ನಿಜವಿಲ್ಲದ ಕಡೆ ಅದು ನನ್ನ ಪಾಪದ ಯಾಂತ್ರಿಕ ಅವತಾರ. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇಂಥ 13 ಬಗೆಯ ವಂಚನೆಗಳನ್ನು ಹೆಸರಿಸಿ ನಿಷೇಧಿಸಿತು. ಆ ಪಟ್ಟಿಯಲ್ಲಿ ಮೊದಲನೆಯದೇ ಸುಳ್ಳು ಅವಸರ. ಓದಿದಾಗ ಮೂವತ್ತನಾಲ್ಕು ವರ್ಷ ತಡವಾಗಿ ನನಗೆ ಸಮನ್ಸು ಬಂದಂತಾಯಿತು. ಗಾಣದ ಎಣ್ಣೆಯ ನನ್ನ ವಿದ್ಯಾರ್ಥಿ ತನ್ನ ವಾಟ್ಸ್‌ಆ್ಯಪ್ ಕಾಗದದ ಕೊನೆಯಲ್ಲಿ ಅಂಥದೇ ಒಂದು ಸಾಲನ್ನಿಟ್ಟಿದ್ದ. ಋಷಿಮುನಿಗಳನ್ನು ತೆಗೆಯಲು ತಕ್ಷಣ ಒಪ್ಪಿದ. ಆ ಸಾಲನ್ನು ತೆಗೆಯಲು ಮಾತ್ರ ಬಹಳ ವಾದ ಮಾಡಿದ.

ಆ ಕಾರ್ಡಿನ ವಿಷಯವನ್ನು ಹುಡುಗಿಯ ತಾಯಿಗೆ ನಾನೇ ಹೋಗಿ ಹೇಳಿದೆ. ಸಿಟ್ಟಾಗುವರೆಂದುಕೊಂಡಿದ್ದೆ, ಆಗಲಿಲ್ಲ. ಅರ್ಥವಾಗದವರಂತೆ ನನ್ನನ್ನೇ ನೋಡಿದರು. “ಹಂಗ್ಯಾಕ ಬರದ್ರಿ? ಬರೋ ವರ್ಷದ ಜಾತ್ರ್ಯಾಗ ಅದ ಜಾಗಾದಾಗ ನಾ ಕುಂದರಬೇಕಲ್ರಿ” ಎಂದರು.

ಮೂರನೆಯ ಕಾಗದದಿಂದ ಕೊಂಡ ಎಲ್ಲರಿಗೂ ಕಾರ್ಡು ಬರೆದೆವು. ಈ ಸಲ ನನ್ನ ಹೆಸರಿನಿಂದ. ಕಾಗದ ಬರೆದುಕೊಟ್ಟವನು ನಾನು, ಇಪ್ಪತ್ತು ಎಂಬುದು ಸುಳ್ಳು, ಅಂದು ಇದ್ದದ್ದು ಇನ್ನೂರಕ್ಕೂ ಹೆಚ್ಚು, ಇಂದು ಉಳಿದದ್ದು ತೊಂಬತ್ತಾರು. ಅವಸರದಲ್ಲಿ ಕೊಂಡವರು ಹಿಂದಿರುಗಿಸಿದರೆ ಹಣವನ್ನು ನಾನು ಕಳಿಸುತ್ತೇನೆ. ನಾನು ಬರೆದ ಕಾಗದಗಳಲ್ಲೆಲ್ಲ ಅತ್ಯಂತ ಕಷ್ಟದ್ದು ಅದು, ನಾಲ್ಕೇ ವಾಕ್ಯ. ಇಬ್ಬರು ಖಣ ಹಿಂದಿರುಗಿಸಿದರು. ಉಳಿದವರಲ್ಲಿ ಕೆಲವರು ಬೇಕಿಲ್ಲವೆಂದು ಬರೆದರು. ಹಲವರು ಏನೂ ಬರೆಯಲಿಲ್ಲ. ಲೆಕ್ಕದ ಶಿಕ್ಷಕಿಯಿಂದಲೂ ಉತ್ತರ ಬರಲಿಲ್ಲ.

ಹುಡುಗಿ ಬಿ.ಎ. ಮುಗಿಸಿ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ತಂದೆ ಮಗ್ಗ ಬಿಡಲಿಲ್ಲ. ಜಾತ್ರೆಯ ಚಾಪೆಯೂ ತಪ್ಪಲಿಲ್ಲ. 1990ರ ದೀಪಾವಳಿಯ ಹೊತ್ತಿಗೆ ಅವರ ಮನೆಗೆ ಒಂದು ಮನಿಯಾರ್ಡರು ಬಂತು. 2015ರಲ್ಲಿ ನಿಂತುಹೋದ ಆ ಹಳೆಯ ಕಾಗದದ ಮನಿಯಾರ್ಡರಿನ ಅಡಿಯಲ್ಲಿ, ಕಳಿಸಿದವರು ನಾಲ್ಕು ಮಾತು ಬರೆಯಲು ಒಂದು ಚೂರು ಜಾಗವಿರುತ್ತಿತ್ತು. ಹುಡುಗಿ ಅದನ್ನು ಕತ್ತರಿಸಿ ನನಗೆ ತಂದು ತೋರಿಸಿದಳು. ಅದೇ ದುಂಡನೆಯ ಅಕ್ಷರ: “ನವಿಲು ಬಣ್ಣ, ಎರಡು. ಅವಸರವಿಲ್ಲ.”